ಹಿತ್ತಲಿಗೆ ಆರು ಅಡಿಯ ಟ್ರ್ಯಾಂಪೊಲೀನ್: ಒಂಬತ್ತು ತಿಂಗಳಾದ ಮೇಲೆ

ಎಂಟು ವರ್ಷದ ಮಗಳು ಸೋಫಾ ಮೇಲೆ, ಹಾಸಿಗೆ ಮೇಲೆ, ಕೊನೆಗೆ ಅಜ್ಜಿಯ ಮಂಚದ ಮೇಲೂ ಕುಪ್ಪಳಿಸಲು ಶುರು ಮಾಡಿದ ಮೇಲೆ ಹಿತ್ತಲಿಗೆ ಒಂದು ಟ್ರ್ಯಾಂಪೊಲೀನ್ ತರೋಣ ಅಂತ ಹೊರಟೆವು. ಮನೆ ಮೈಸೂರಿನಲ್ಲಿ, ನಲವತ್ತು-ಅರವತ್ತರ ಸೈಟು. ಹಿಂದೆ ಉಳಿದಿರುವುದು 20 ಅಡಿ ಅಗಲ, 24 ಅಡಿ ಉದ್ದದ ಜಾಗ. ಅದರಲ್ಲೇ ಸೀಬೆ ಮರ, ಕರಿಬೇವು, ಒಗೆಯುವ ಕಲ್ಲು, ಬಟ್ಟೆ ಒಣಹಾಕುವ ತಂತಿ ಎಲ್ಲ ಇವೆ. ತಂದು ಒಂಬತ್ತು ತಿಂಗಳಾಯಿತು. ಬಿಸಿಲು, ಆಷಾಢದ ಗಾಳಿ, ಮಳೆ ಎಲ್ಲವನ್ನೂ ನೋಡಿಯಾಗಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹೋದ ಕಡೆಯೆಲ್ಲ ಒಂದೇ ಮಾತು: "ಮಕ್ಕಳು ಬೆಳೀತಾರೆ ಮೇಡಂ, ದೊಡ್ಡದೇ ತಗೊಳ್ಳಿ." ನಾವೂ 10 ಅಡಿ ಅಡ್ಡಳತೆಯದನ್ನೇ ನೋಡುತ್ತಿದ್ದೆವು. ಆದರೆ ಅದರ ಸುತ್ತ ಎಲ್ಲ ಕಡೆ 2 ಮೀಟರ್, ಅಂದರೆ ಸುಮಾರು ಆರೂವರೆ ಅಡಿ, ಖಾಲಿ ಬಿಡಬೇಕು. ಎರಡೂ ಕಡೆ ಸೇರಿದರೆ ಅದೇ 13 ಅಡಿ ಆಯಿತಲ್ವಾ? 10 ಅಡಿಯದಕ್ಕೆ 23 ಅಡಿ ಜಾಗ ಬೇಕು, 8 ಅಡಿಯದಕ್ಕೆ 21, 6 ಅಡಿಯದಕ್ಕೆ 19. ನಮ್ಮ ಅಗಲ 20. ಇನ್ನು ಯೋಚಿಸುವುದಕ್ಕೆ ಏನೂ ಉಳಿಯಲಿಲ್ಲ.

ಆದರೂ ಕಣ್ಣಿಗೆ ಕಾಣಲಿ ಅಂತ ನೆಲಕ್ಕೆ ಒಂದು ಗೂಟ ಹೊಡೆದು, ಹಗ್ಗ ಕಟ್ಟಿ, ರಂಗೋಲಿ ಪುಡಿಯಲ್ಲಿ ಎರಡು ವೃತ್ತ ಎಳೆದೆವು, ಒಳಗಿನದು ಟ್ರ್ಯಾಂಪೊಲೀನಿಗೆ, ಹೊರಗಿನದು ಖಾಲಿ ಬಿಡುವ ಜಾಗಕ್ಕೆ. ಎರಡು ದಿನ ಅದನ್ನು ಅಳಿಸಲಿಲ್ಲ. ಬಟ್ಟೆಯ ತಂತಿ ಸರಿಯಾಗಿ ವೃತ್ತದ ಮೇಲೇ ಹಾದುಹೋಗುತ್ತಿತ್ತು, ಅದನ್ನು ತಾರಸಿಗೆ ಸಾಗಿಸಿದೆವು. ಸೀಬೆಯ ಒಂದು ಕೊಂಬೆ ಕಡಿಸಿದೆವು. ಪಕ್ಕದ ಮನೆಯ ತೆಂಗಿನ ಗರಿ ನಮ್ಮ ಕಾಂಪೌಂಡಿನ ಮೇಲೆ ಚಾಚಿತ್ತು, ಅಲ್ಲಿಂದ ಆದಷ್ಟು ದೂರ ಸರಿಸಿದೆವು. ನೀವು ಏನೇ ಕೊಳ್ಳಿ, ಮೊದಲು ಈ ವೃತ್ತ ಎಳೆಯಿರಿ. ನೆಲ ಮಣ್ಣೋ ಹುಲ್ಲೋ ಆಗಿರಲಿ, ಸಮ ಇರಲಿ. ಸಿಮೆಂಟಿನ ಮೇಲೆ ಮಾತ್ರ ಖಂಡಿತ ಬೇಡ.

ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದನ್ನು ವಾಪಸ್ ಕಳಿಸಿದೆವು. ಮಗು ಹೊರಗೆ ಬೀಳದಂತೆ ಸುತ್ತ ಕಟ್ಟುವ ಬಲೆ, ಕುಣಿಯುವ ಹಾಸನ್ನು ಚೌಕಟ್ಟಿಗೆ ಎಳೆದು ಹಿಡಿಯುವ ಸ್ಪ್ರಿಂಗುಗಳ ಹೊರಗೆ ಇತ್ತು. ಅಂದರೆ ಮಗು ಅಂಚಿಗೆ ಬಂದರೆ ಕಾಲು ನೇರ ಸ್ಪ್ರಿಂಗಿನ ಮೇಲೆ. ಮೇಲೆ ಹೊದಿಸುವ ಫೋಮ್ ಎಷ್ಟು ತೆಳ್ಳಗಿತ್ತೆಂದರೆ ಹೆಬ್ಬೆರಳಲ್ಲಿ ಒತ್ತಿದರೆ ಕೆಳಗಿನ ಕಬ್ಬಿಣ ತಾಗುತ್ತಿತ್ತು. ಫೋಟೋದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಹಣ ವಾಪಸ್ ಬರಲು ಮೂರು ವಾರ ಕಾದೆವು, ಮಗಳು ದಿನಾ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು, ನನಗೆ ಸಂಕಟವಾಗುತ್ತಿತ್ತು.

ಎರಡನೆಯದನ್ನು ಊರಿನ ಅಂಗಡಿಯಲ್ಲೇ ಮುಟ್ಟಿ ನೋಡಿ ತಂದೆವು. 14,000 ರೂಪಾಯಿ ಆಯಿತು. ಆರು ಅಡಿ, 36 ಸ್ಪ್ರಿಂಗ್. ಬಲೆ ಸ್ಪ್ರಿಂಗುಗಳ ಒಳಗಡೆ, ಕುಣಿಯುವ ಹಾಸಿನ ಅಂಚಿಗೇ ಕೂರುತ್ತದೆ. ಬಾಗಿಲಿಗೆ ಜಿಪ್ಪೂ ಇದೆ, ಕೊಕ್ಕೆಯೂ ಇದೆ. ಕಂಬಗಳಿಗೆಲ್ಲ ಫೋಮ್ ಸುತ್ತಿದೆ. ಭಾರದ ಮಿತಿ 50 ಕೆಜಿ, ಹಾಗಾಗಿ ದೊಡ್ಡವರು ಹತ್ತುವಂತಿಲ್ಲ. ಜೋಡಿಸಲು ಇಬ್ಬರಿಗೆ ಮೂರು ಗಂಟೆ ಹಿಡಿಯಿತು. ಸ್ಪ್ರಿಂಗನ್ನು ಒಂದೇ ಕಡೆಯಿಂದ ಸಾಲಾಗಿ ಹಾಕುತ್ತಾ ಹೋದರೆ ಕೊನೆಯವು ಎಷ್ಟು ಎಳೆದರೂ ಕೊಂಡಿಗೆ ಬರುವುದಿಲ್ಲ. ಇಲ್ಲೊಂದು ಹಾಕಿದರೆ ಸರಿಯಾಗಿ ಅದರ ಎದುರಿಗೆ ಇನ್ನೊಂದು, ಆಮೇಲೆ ಅವೆರಡರ ನಡುವೆ, ಹೀಗೆ ಹಾಕಬೇಕು. ಕೈಗವಸು ಹಾಕಿಕೊಳ್ಳಿ, ಬೆರಳು ಸಿಕ್ಕಿದರೆ ಬಹಳ ನೋವು.

ಗಾಳಿಯ ವಿಷಯ ಅಂಗಡಿಯವರು ಯಾರೂ ಹೇಳಲಿಲ್ಲ. ಬಲೆ ಗಾಳಿಯನ್ನು ಹಿಡಿಯುತ್ತದೆ, ಆಷಾಢದಲ್ಲಿ ಒಂದು ರಾತ್ರಿ ಇಡೀ ಟ್ರ್ಯಾಂಪೊಲೀನ್ ಸರಿದು ಕರಿಬೇವಿನ ಗಿಡಕ್ಕೆ ಒರಗಿತ್ತು. ಬೆಳಿಗ್ಗೆ ನೋಡಿ ಎದೆ ಝಲ್ ಎಂದಿತು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸರಳನ್ನು ಯು ಆಕಾರಕ್ಕೆ ಬಗ್ಗಿಸಿ, ಪ್ರತಿ ಕಾಲಿಗೂ ಎರಡರಂತೆ ನೆಲಕ್ಕೆ ಹೊಡೆಸಿದೆವು. ಆಮೇಲೆ ಅಲ್ಲಾಡಿಲ್ಲ. ಗಾಳಿ ಜಾಸ್ತಿ ಇರುವ ದಿನ ಬಲೆ ಬಿಚ್ಚಿಡುತ್ತೇವೆ. ಮಳೆ ನಿಂತ ಮೇಲೆ ಹಾಸು ಒರೆಸಿ, ಒಣಗಿದ ಮೇಲೆಯೇ ಹತ್ತಲು ಬಿಡುವುದು, ಒದ್ದೆ ಇದ್ದರೆ ಜಾರುತ್ತದೆ. ಕಾಲು ಮತ್ತು ಚೌಕಟ್ಟು ಸೇರುವ ಕಡೆ ಸ್ವಲ್ಪ ತುಕ್ಕು ಕಂಡಿದೆ, ಉಜ್ಜಿ ಬಣ್ಣ ಹಚ್ಚಿದ್ದೇನೆ. ಫೋಮಿನ ಮೇಲಿನ ನೀಲಿ ಹೊದಿಕೆ ಬಿಸಿಲಿಗೆ ಬಿರುಕು ಬಿಟ್ಟಿದೆ, ನನ್ನ ದೊಡ್ಡ ಬೇಸರ ಅದೇ.

ಇನ್ನೊಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಮನೆಯಲ್ಲಿ ಟ್ರ್ಯಾಂಪೊಲೀನ್ ಬೇಡ ಎಂಬ ಸಲಹೆ ಕೊಟ್ಟಿದೆ. ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಗುವುದು ಒಬ್ಬರಿಗಿಂತ ಜಾಸ್ತಿ ಜನ ಒಟ್ಟಿಗೆ ಕುಪ್ಪಳಿಸುವಾಗ, ಅದರಲ್ಲೂ ಪೆಟ್ಟು ತಿನ್ನುವುದು ಹೆಚ್ಚಾಗಿ ಚಿಕ್ಕ ಮಗು. ಬಲೆ ಇದೆ ಅಂತ ಧೈರ್ಯ ಮಾಡುವಂತಿಲ್ಲ, ಹಾಸಿನ ಮೇಲೇ ಕೈಕಾಲು ಮುರಿಯಬಹುದು. ಇದೆಲ್ಲ ಓದಿ, ಬೇಡವೇ ಬೇಡ ಅಂತ ಒಂದು ವಾರ ಸುಮ್ನೆ ಇದ್ದೆವು. ಕೊನೆಗೆ ಮೂರು ನಿಯಮ ಮಾಡಿ ತಂದೆವು: ಒಂದು ಸಲಕ್ಕೆ ಒಬ್ಬರೇ, ಪಲ್ಟಿ ಇಲ್ಲ, ದೊಡ್ಡವರು ಎದುರಿಗೆ ನಿಂತಿರಬೇಕು. ಹುಟ್ಟುಹಬ್ಬಕ್ಕೆ ಓಣಿಯ ಮಕ್ಕಳೆಲ್ಲ ಬಂದಾಗ ಜಿಪ್ ಹಾಕಿ ಬೀಗ ಜಡಿದೆ. ಒಂದಿಬ್ಬರು ಅಮ್ಮಂದಿರಿಗೆ ಬೇಜಾರಾಯಿತು, ನಾನು ಒಪ್ಪಲಿಲ್ಲ.

ಆರು ವರ್ಷದೊಳಗಿನ ಮಕ್ಕಳಿಗೆ ಇದು ಬೇಡ ಎನ್ನುತ್ತಾರೆ. ಮಗನಿಗೆ ಇನ್ನೂ ಐದು. ಅಕ್ಕ ಕುಪ್ಪಳಿಸುವಾಗ ಅವನು ಒಗೆಯುವ ಕಲ್ಲಿನ ಮೇಲೆ ಕೂತು ಜೋರಾಗಿ ಎಣಿಸುತ್ತಾನೆ, ಹಾಗೇ ನೂರರವರೆಗೆ ಕಲಿತುಬಿಟ್ಟ. ಸಂಕ್ರಾಂತಿ ಕಳೆದರೆ ಅವನಿಗೆ ಆರು ತುಂಬುತ್ತದೆ. ಅಷ್ಟರೊಳಗೆ ಹೊಸ ಫೋಮ್ ತರಿಸಿ ಹಾಕಬೇಕು, ಅಂಗಡಿಯವರು ಬಿಡಿಯಾಗಿ ತರಿಸಿಕೊಡುತ್ತೇವೆ ಅಂದಿದ್ದಾರೆ.