ಪೆಟ್ರೋಲ್ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್: ಹದಿನೈದು ವರ್ಷಕ್ಕೂ ಹೆಚ್ಚು ಓಡಿಸಿದ ಮೇಲೆ

ನಮ್ಮ ಮನೆಯದು 1972ರ ಅಂಬಾಸಿಡರ್ ಮಾರ್ಕ್ 2, ಅಪ್ಪ ಕೊಂಡ ಗಾಡಿ. 2008ರಲ್ಲಿ ದಾವಣಗೆರೆಯಲ್ಲೇ ಅದರ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದೆ. ವಾರಕ್ಕೆ ಮೂರು ಸಲ ಚನ್ನಗಿರಿ ಕಡೆಯ ತೋಟಕ್ಕೆ ಹೋಗಿಬರಬೇಕು, ಗಾಡಿ ನೋಡಿದರೆ ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಡಲೂ ಒದ್ದಾಡುತ್ತಿತ್ತು. ಈಗ ಹದಿನಾಲ್ಕು ಸಿಗುತ್ತದೆ. ಹೆದ್ದಾರಿಯಲ್ಲಿ ಅರವತ್ತು ದಾಟಿಸದೆ ಹೋದರೆ ಹದಿನೈದು.

ಮ್ಯಾಟಡೋರ್ ವ್ಯಾನಿನ ಎಂಜಿನ್ ಹಾಕಿಸಿ, ಎಳೆತ ಚೆನ್ನಾಗಿರುತ್ತೆ ಅಂದವರು ಬಹಳ ಜನ. ಅದು ಭಾರ ಜಾಸ್ತಿ ಅಂತ ನಾನು ಒಪ್ಪಲಿಲ್ಲ. ಅಂಬಾಸಿಡರ್‌ದೇ 1489 ಸಿ.ಸಿ. ಡೀಸೆಲ್ ಎಂಜಿನ್ ಹುಡುಕಿ ತಂದೆ. ಹಳೆಯ ಪೆಟ್ರೋಲ್ ಎಂಜಿನ್ನೂ ಅಷ್ಟೇ ಸಿ.ಸಿ., ಎರಡೂ ಬಿ.ಎಂ.ಸಿ. (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ವಂಶದವೇ. ಹೀಗಾಗಿ ಚಾಸಿ ಕೊಯ್ಯುವ ಪ್ರಮೇಯ ಬರಲಿಲ್ಲ. ಈ ನಿರ್ಧಾರದ ಬಗ್ಗೆ ಇವತ್ತಿಗೂ ನನಗೆ ಸಮಾಧಾನವಿದೆ.

ಎಂಜಿನ್‌ಗಿಂತ ಅದರ ಸುತ್ತಲಿನ ಕೆಲಸಕ್ಕೇ ಹಣ ಹೆಚ್ಚು ಹೋಯಿತು. ಡೀಸೆಲ್‌ನಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವ ಪ್ರಮಾಣ, 23ಕ್ಕೆ 1, ಹಳೆಯ ಬ್ಯಾಟರಿ ಅದನ್ನು ತಿರುಗಿಸಲಾರದು, ದೊಡ್ಡದು ಬೇಕು. ಡೀಸೆಲ್ ಎಂಜಿನ್ನಿನ ಭಾರಕ್ಕೆ ಗಾಡಿಯ ಮೂತಿ ತಗ್ಗಿತು, ಅದಕ್ಕೆ ಮುಂದಿನ ಟಾರ್ಷನ್ ಬಾರ್ (ಸ್ಪ್ರಿಂಗಿನ ಕೆಲಸ ಮಾಡುವ ತಿರುಚು ಸರಳು) ಬಿಗಿ ಮಾಡಿಸಬೇಕಾಯಿತು. ಇನ್ನು ಗಾಡಿಯ ಅದುರಾಟ! ಮೊದಲ ವರ್ಷ ಐಡ್ಲಿಂಗ್‌ನಲ್ಲಿ ನಿಂತರೆ ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಓದಲು ಆಗುತ್ತಿರಲಿಲ್ಲ. ರೇಡಿಯೇಟರ್ ಬ್ರಾಕೆಟ್ ಎರಡು ಸಲ ಸೀಳಿತು. ಹರಿಹರದ ಒಬ್ಬ ಟರ್ನರ್ ಎಂಜಿನ್ ಕೂರುವ ಮೌಂಟಿಂಗ್ ಬಿಚ್ಚಿ ನೋಡಿ, ಪೆಟ್ರೋಲ್ ಗಾಡಿಯ ರಬ್ಬರನ್ನೇ ಬಿಟ್ಟಿದ್ದಾರೆ ಅಂತ ತೋರಿಸಿದರು. ಅಲ್ಲೇ ತಮ್ಮ ಹಳೆಯ ಮೈಸೂರು ಕಿರ್ಲೋಸ್ಕರ್ ಲೇತಿನ ಮೇಲೆ ಹೊಸ ಬುಷ್ ಕಡೆದು, ಗಟ್ಟಿ ರಬ್ಬರ್ ಹಾಕಿಕೊಟ್ಟರು. ಹರಿಹರದ ಆ ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ಲೇತುಗಳು ಇನ್ನೂ ನಮ್ಮ ಕಡೆ ಅನ್ನ ಹಾಕುತ್ತಿವೆ.

ನನ್ನನ್ನು ನಿಜವಾಗಿ ಕಾಡಿದ್ದು ಪೈಪು. ಎಂಜಿನ್ ಕೂರಿಸಿದ ಗ್ಯಾರೇಜಿನವರು ಹಳೆಯ ಪೆಟ್ರೋಲ್ ಟ್ಯಾಂಕನ್ನು ತೊಳೆಯಲಿಲ್ಲ, ರಬ್ಬರ್ ಹೋಸ್ ಬದಲಿಸಲಿಲ್ಲ. ಚಿತ್ರದುರ್ಗಕ್ಕೆ ಹೋಗುವಾಗ ಭರಮಸಾಗರದ ಹತ್ತಿರ ಗಾಡಿ ಕೆಮ್ಮಿ ನಿಂತಿತು. ಕೆಳಗೆ ಒಂದು ಹನಿ ಸೋರಿಲ್ಲ. ಟ್ಯಾಂಕಿನಿಂದ ಲಿಫ್ಟ್ ಪಂಪಿನವರೆಗಿನ (ಡೀಸೆಲ್ ಎಳೆದು ಎಂಜಿನ್ ಕಡೆ ಕಳಿಸುವ ಪಂಪು) ಪೈಪು ಹೀರುವ ಪೈಪು. ಅದು ಬಿರಿದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಆ ಗಾಳಿ ಹೊರಗೆ ಹಾಕಲು ಫಿಲ್ಟರಿನ ಮೇಲಿನ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ಲಿಫ್ಟ್ ಪಂಪಿನ ಸಣ್ಣ ಲಿವರ್ ಹೆಬ್ಬೆರಳಲ್ಲಿ ಒತ್ತುತ್ತಾ ಹೋದೆ. ಮೊದಲು ಬರೀ ನೊರೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್, ಕೊನೆಗೆ ಎಳೆ ಕಡಿಯದ ಧಾರೆ. ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿದೆ. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಅದೇ ಕಥೆ. ಮಾರನೆಯ ದಿನ ಟ್ಯಾಂಕ್ ಇಳಿಸಿದಾಗ ತಳದಲ್ಲಿ ತುಕ್ಕು, ಕಂದು ಅಂಟು ಮುಷ್ಟಿಗಟ್ಟಲೆ ಸಿಕ್ಕಿತು. ಡೀಸೆಲ್ ಪರಿವರ್ತನೆ ಮಾಡಿಸುವವರು ಮೊದಲ ದಿನವೇ ಟ್ಯಾಂಕ್ ತೊಳೆಸಿ, ಹೋಸ್ ಎಲ್ಲಾ ಹೊಸದು ಹಾಕಿಸಿ. ಈ ಮಾತಿಗೋಸ್ಕರವೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಓಟದ ವಿಷಯ. ಪೆಟ್ರೋಲ್‌ನಲ್ಲಿ ಐವತ್ತು ಅಶ್ವಶಕ್ತಿ ಇತ್ತು, ಡೀಸೆಲ್‌ಗೆ ನಲವತ್ತೂ ಇಲ್ಲ. ನಾಲ್ಕು ಜನ ಕೂತು ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಏರಿದರೆ ಎರಡನೇ ಗೇರು ಬಿಡುವ ಹಾಗಿಲ್ಲ. ಮಾಗಿಯ ಬೆಳಗ್ಗೆ ಎಂಜಿನ್ ಕಾಯಿಸುವ ಹೀಟರ್ ಒತ್ತಿ ಇಪ್ಪತ್ತು ಎಣಿಸಿಯೇ ಸ್ಟಾರ್ಟ್ ಮಾಡಬೇಕು. ಆದರೆ ಪೆಟ್ರೋಲ್ ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್, ಕಾಯಿಲ್, ಪ್ಲಗ್ ತಂಟೆ ಒಂದೂ ಇಲ್ಲ. ಮಳೆಗಾಲದಲ್ಲಿ ತೋಟದ ದಾರಿಯ ನೀರಿಗೆ ಇಳಿಸಿದರೂ ಒಂದು ದಿನವೂ ನಿಂತಿಲ್ಲ.

ಆರ್.ಸಿ.ಯಲ್ಲಿ ಎಂಜಿನ್ ನಂಬರ್, ಇಂಧನ ಎರಡೂ ಬದಲಾಗಲೇಬೇಕು, ಅನುಮತಿ ಮೊದಲೇ ಪಡೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೇ ಇರುವುದು. ಗಾಡಿ ಕೊಂಡಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಹಾಗಾಗಿ ನನ್ನ ಹಳೆಯ ದಾಖಲೆ ಅಲ್ಲಿಂದ ತರಬೇಕಾಯಿತು. ವಿಮೆಯವರಿಗೂ ತಿಳಿಸಿ.

2008ರಲ್ಲಿ ಪೆಟ್ರೋಲು ಡೀಸೆಲ್ಲಿಗೆ ಇದ್ದಷ್ಟು ಬೆಲೆಯ ಅಂತರ ಈಗ ಇಲ್ಲ. ಭಾನುವಾರ ಮಾತ್ರ ಗಾಡಿ ಹೊರಗೆ ತೆಗೆಯುವವರು ಪೆಟ್ರೋಲ್ ಎಂಜಿನ್ನನ್ನೇ ರಿಪೇರಿ ಮಾಡಿಸಿಕೊಳ್ಳಲಿ. ಮಾಡಿಸಿಯೇ ತೀರುತ್ತೇವೆ ಅನ್ನುವವರು ಹಳೆಯದನ್ನು ಗುಜರಿಗೆ ಕೊಡಬೇಡಿ. ನನ್ನದು ತೋಟದ ಮನೆಯಲ್ಲಿದೆ, ಆರು ತಿಂಗಳಿಗೊಮ್ಮೆ ಪ್ಲಗ್ ಬಿಚ್ಚಿ ಎಣ್ಣೆ ಬಿಟ್ಟು ಕೈಯಿಂದ ಎರಡು ಸುತ್ತು ತಿರುಗಿಸಿಡುತ್ತೇನೆ. ಡೀಸೆಲ್ ಪಂಪಿನ ಸೀಲ್ ಹೋದ ತಿಂಗಳಿಂದ ಜಿನುಗುತ್ತಿದೆ, ಅಡಿಕೆ ಕೊಯ್ಲು ಮುಗಿದ ಮೇಲೆ ಅದನ್ನು ಇಳಿಸಬೇಕು.