ಗ್ರಾಹಕರ ಲೆಕ್ಕದ ಶೀಟನ್ನು ಬಲ್ಕ್ ಮೇಲ್ ಮಾಡುವವರ ಕೈಗೆ ಕೊಡುವ ಮುನ್ನ ಇದನ್ನು ಓದಿ

ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಹದಿನೈದು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ನಾಚಿಕೆಯಂತೂ ಅದಕ್ಕಿಂತ ಜಾಸ್ತಿ.

ರಾಯಚೂರಿನಲ್ಲಿ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವ ಸಣ್ಣ ಆಫೀಸು ನನ್ನದು. 19 ವರ್ಷದಿಂದ ಇದೇ ಕೆಲಸ. ರಾಜೇಂದ್ರ ಗಂಜ್ ಮಾರುಕಟ್ಟೆಯ ಅಡತ್ ಅಂಗಡಿಗಳು (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸುವವು), ಎರಡು ಮೂರು ಹತ್ತಿ ಜಿನ್ನಿಂಗ್ ಮಿಲ್ಲು, ಅಕ್ಕಿ ಮಿಲ್ಲು, ತೀನ್ ಕಂದೀಲ್ ಕಡೆಯ ಬಟ್ಟೆ ಅಂಗಡಿಗಳು, ಕಿರಾಣಿ. ಎಲ್ಲಾ ಸೇರಿ 286 ಹೆಸರು. ನಮ್ಮ ಕೆಲಸ ನಡೆಯುವುದು ಬರೀ ನಂಬಿಕೆ ಮೇಲೆ. ಹೆಂಡತಿಗೂ ಹೇಳದ ಲೆಕ್ಕ ನಮಗೆ ಹೇಳಿರ್ತಾರೆ. ಅಂಥ ಲೆಕ್ಕ ಇವತ್ತು ಬೀದಿಗೆ ಬಿದ್ದಿದೆ. ನನ್ನ ಆಫೀಸಿನ ಹೆಸರಿನಲ್ಲಿ.

ಪ್ರತಿ ತಿಂಗಳು 20ರೊಳಗೆ ಜಿಎಸ್‌ಟಿಯ 3ಬಿ ರಿಟರ್ನ್ (ಹೋದ ತಿಂಗಳ ವ್ಯಾಪಾರ, ತೆರಿಗೆಯ ಲೆಕ್ಕ) ಹೋಗಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಮೇಲೆ ವರ್ಷಕ್ಕೆ 18% ಲೆಕ್ಕದಲ್ಲಿ ಬಡ್ಡಿ. ಮೂರು ತಿಂಗಳಿಗೊಮ್ಮೆ ತುಂಬುವವರಿಗೆ ನಮ್ಮ ರಾಜ್ಯದಲ್ಲಿ 22. ಅದಕ್ಕೇ 15ನೇ ತಾರೀಖಿನಿಂದ ನಮ್ಮ ಹುಡುಗ ಒಬ್ಬೊಬ್ಬರಿಗೂ ಫೋನ್ ಮಾಡ್ತಾ ಕೂರ್ತಿದ್ದ. "ಸಾಹುಕಾರ್ರ, ಇಷ್ಟು ತೆರಿಗೆ ಬರ್ತದ, ಚಲನ್ ಕಟ್ಟರಿ" ಅಂತ. ಅರ್ಧ ಜನ ಎತ್ತಲ್ಲ. ವಾಟ್ಸಾಪ್ ಹಾಕಿದರೆ ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಹೂತು ಹೋಗ್ತದೆ. ಈಗ ಎಷ್ಟೋ ಅಂಗಡಿಗಳ ಬ್ಯಾಂಕ್ ಕೆಲಸ ನೋಡೋದು ಬೆಂಗಳೂರು, ಹೈದರಾಬಾದ್‌ನಲ್ಲಿರುವ ಮಕ್ಕಳು. ಅವರಿಗೆ ಮೇಲ್ ಹೋದರೆ ಅರ್ಧ ಗಂಟೆಯಲ್ಲಿ ಚಲನ್ ಕಟ್ಟಿಬಿಡ್ತಾರೆ. ಅದಕ್ಕೆ ಮೇಲ್ ವಿಚಾರ ಮಾಡಿದೆ.

ಪರಿಚಯದವರೊಬ್ಬರು ಬಲ್ಕ್ ಮೇಲ್, ಅಂದರೆ ಒಟ್ಟಿಗೆ ನೂರಾರು ಜನರಿಗೆ ಮೇಲ್ ಕಳಿಸಿಕೊಡುವ ಒಬ್ಬನ ನಂಬರ್ ಕೊಟ್ಟರು. ಊರಲ್ಲೇ ಇರುವವನು. ಹೆಸರು ಬರೆಯಲ್ಲ. ಆಫೀಸಿಗೆ ಬಂದ, ಚಹಾ ಕುಡಿದ, ಲ್ಯಾಪ್‌ಟಾಪ್ ತೆಗೆದ. "ನಮ್ಮದೇ ಸಾಫ್ಟ್‌ವೇರ್ ಐತಿ ಸರ್. ಎಕ್ಸೆಲ್ ಶೀಟ್ ಕೊಡ್ರಿ ಸಾಕು. ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಲೆಕ್ಕ ಹಾಕಿ ಬ್ಯಾರೆ ಬ್ಯಾರೆ ಮೇಲ್ ಹೋಗ್ತಾವ. ನೀವೇ ಕೂತು ಬರೆದಂಗ ಇರ್ತದ." 4,500 ರೂಪಾಯಿ ಹೇಳಿದ. 2,500 ಅಡ್ವಾನ್ಸ್ ಅಲ್ಲೇ ಫೋನ್‌ಪೇ ಮಾಡಿದೆ.

ಶೀಟ್ ಕೊಟ್ಟೆ. ಪೂರ್ತಿ ಶೀಟ್. ಹೆಸರು, ಅಂಗಡಿ, ಫೋನ್, ಪ್ಯಾನ್ ನಂಬರ್, ಮೇಲ್ ಐಡಿ, ಹೋದ ತಿಂಗಳ ವಹಿವಾಟು, ಕಟ್ಟಬೇಕಾದ ತೆರಿಗೆ, ನಮ್ಮ ಫೀಸಿನ ಬಾಕಿ, ಎಲ್ಲಾ ಅದರಲ್ಲೇ ಇತ್ತು. ಆಫೀಸಿನ ಜಿಮೇಲ್‌ಗೆ ಅವನ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಬೇಕು ಅಂದ. ಪಾಸ್‌ವರ್ಡ್ ಹೇಳಿದೆ. ಫೋನಿಗೆ ಬಂದ ಓಟಿಪಿಯನ್ನೂ ಹೇಳಿದೆ. ಯಾರಿಗೂ ಓಟಿಪಿ ಹೇಳಬೇಡಿ ಅಂತ ಗ್ರಾಹಕರಿಗೆ ದಿನಾ ಹೇಳುವವನು ನಾನು.

ಮರುದಿನ ಸ್ಯಾಂಪಲ್ ಅಂತ ಐದು ಮೇಲ್‌ನ ಸ್ಕ್ರೀನ್‌ಶಾಟ್ ಕಳಿಸಿದ. ಮೊದಲ ಐದು ಅಂಗಡಿಗಳದು. ಹೆಸರು ಸರಿ, ವಹಿವಾಟು ಸರಿ, ತೆರಿಗೆ ಸರಿ, ಐಡಿ ಸರಿ. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. "ಎಲ್ಲಾ ಚೆಕ್ ಮಾಡಿದಿರೇನು?" ಅಂತ ಕೇಳಿದೆ. "ಎಲ್ಲಾ ಸರಿ ಅದ ಸರ್, ಒಂದೊಂದೂ ನೋಡೀನಿ" ಅಂದ. ಈ ಮಾತು ನೆನಪಿಡಿ. ಒಂದೊಂದೂ ನೋಡೀನಿ ಅಂದ.

17ನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಮೇಲ್‌ಗಳು ಹೋದವು. 11:20ಕ್ಕೆ ಮೊದಲ ಫೋನ್. ಗಂಜ್‌ನ ಹಿರಿಯ ಅಡತ್ ವ್ಯಾಪಾರಿ. ನಮ್ಮ ತಂದೆಯ ಕಾಲದಿಂದ ಪರಿಚಯ, ನನ್ನನ್ನು ಏಕವಚನದಲ್ಲೇ ಮಾತಾಡಿಸುವವರು. ಅವತ್ತು 'ರೀ' ಹಚ್ಚಿ ಮಾತಾಡಿದರು.

"ಏನ್ರೀ ಇದು? ಬಾಜೂ ಅಂಗಡಿ ಲೆಕ್ಕ ನನಗ್ಯಾಕ ಕಳಿಸೀರಿ?"

ನನಗೆ ಅರ್ಥವೇ ಆಗಲಿಲ್ಲ. ಇಲ್ಲ ಯಜಮಾನ್ರೇ, ನಿಮ್ಮದೇ ಇರಬೇಕು, ಇನ್ನೊಮ್ಮೆ ನೋಡ್ರಿ ಅಂದೆ. ಅವರು ಓದಿ ಹೇಳಿದರು. ಪಕ್ಕದ ಅಂಗಡಿಯವರ ಹೆಸರು, ಅವರ ವಹಿವಾಟು, ಅವರ ತೆರಿಗೆ, ನಮಗೆ ಅವರು ಕೊಡಬೇಕಾದ ಬಾಕಿ. ಆಮೇಲೆ ಒಂದು ಕ್ಷಣ ಸುಮ್ಮನಾದರು. ಆಮೇಲೆ ಕೇಳಿದರು:

"ಹಂಗಂದ್ರ ನನ್ನ ಲೆಕ್ಕ ಯಾರ ಕೈಗೆ ಹೋತು? ಅದನ್ನ ಮೊದ್ಲು ಹೇಳ್ರಿ."

ಕೈ ತಣ್ಣಗಾಯ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಇನ್ನೊಂದು ಫೋನ್ ಬಂತು. ಅದು ಇಡುವಷ್ಟರಲ್ಲಿ ಲ್ಯಾಂಡ್‌ಲೈನ್. ಹುಡುಗನ ಫೋನ್. ಮಧ್ಯಾಹ್ನದವರೆಗೆ ಊಟ ಇಲ್ಲ, ನೀರಿಲ್ಲ, ಬರೀ ಫೋನ್.

ನನ್ನ ಪಟ್ಟಿ ಅಕ್ಷರಮಾಲೆ ಪ್ರಕಾರ ಇಲ್ಲ. ಹುಡುಗ ಬಿಲ್ಲು ತರಲು ಹೋಗುವ ದಾರಿಯ ಪ್ರಕಾರ ಇದೆ, ಅಂಗಡಿ ಪಕ್ಕದಲ್ಲಿ ಅಂಗಡಿ, ಸಾಲಾಗಿ. ಹಾಗಾಗಿ ಒಬ್ಬರ ಲೆಕ್ಕ ಹೋಗಿದ್ದು ಎಲ್ಲೋ ದೂರದವರಿಗೆ ಅಲ್ಲ. ಪಕ್ಕದ ಗೋಡೆಯವರಿಗೆ. ಅದೇ ತೊಗರಿ, ಅದೇ ಹತ್ತಿ, ಅದೇ ರೈತರು, ದಿನಾ ಟೆಂಡರ್‌ನಲ್ಲಿ ಎದುರುಬದುರು ನಿಲ್ಲುವವರು. ಒಬ್ಬರು ಎಷ್ಟು ವ್ಯಾಪಾರ ಮಾಡಿದರು ಅಂತ ಇನ್ನೊಬ್ಬರಿಗೆ ನಾನೇ ಬರೆದು ಕಳಿಸಿದ ಹಾಗಾಯ್ತು. ಇಬ್ಬರು ಅಣ್ಣತಮ್ಮಂದಿರು ಜಗಳ ಮಾಡಿ ಬೇರೆಯಾಗಿ ಅಕ್ಕಪಕ್ಕ ಅಂಗಡಿ ಇಟ್ಟಿದ್ದಾರೆ. ಅಣ್ಣನ ವಹಿವಾಟು ತಮ್ಮನ ಮೇಲ್‌ಗೆ ಹೋಯ್ತು. ಅದರಿಂದ ಅವರ ಮನೆಯಲ್ಲಿ ಏನಾಯ್ತು ಅನ್ನೋದನ್ನು ನಾನಿಲ್ಲಿ ಬರೆಯಲಾರೆ.

ಮೇಲ್ ಕಳಿಸಿದವನಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ಸಣ್ಣ ಮಿಸ್ಟೇಕ್ ಸರ್, ಟೆನ್ಷನ್ ತಗೋಬ್ಯಾಡ್ರಿ." ಸಣ್ಣ ಮಿಸ್ಟೇಕ್! ಎರಡನೇ ಉತ್ತರ: "ಎಲ್ಲಾ ಮೇಲ್ ರಿಕಾಲ್ ಮಾಡ್ತೀನಿ ಸರ್, ಹತ್ತು ನಿಮಿಷ ಕೊಡ್ರಿ." ನಂಬಿದೆ. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ನಂಬ್ತಿದ್ದೆ. ಆಮೇಲೆ ಗೊತ್ತಾಯ್ತು, ಜಿಮೇಲ್‌ನಲ್ಲಿ ಕಳಿಸಿದ್ದನ್ನು ವಾಪಸ್ ತಗೊಳ್ಳೋಕೆ ಹೆಚ್ಚೆಂದರೆ 30 ಸೆಕೆಂಡ್ ಸಿಗ್ತದೆ, ಅಷ್ಟೇ. ಗಂಟೆ ಕಳೆದ ಮೇಲೆ ರಿಕಾಲ್ ಎಲ್ಲಿಂದ ಬರಬೇಕು?

ರಿಕಾಲ್ ಅಂತ ಅವನು ಮಾಡಿದ್ದೇನು ಗೊತ್ತಾ? "ಹಿಂದಿನ ಮೇಲ್ ತಪ್ಪಾಗಿ ಬಂದಿದೆ, ಓದದೆ ಡಿಲೀಟ್ ಮಾಡಿ" ಅಂತ ಇನ್ನೊಂದು ಮೇಲ್ ಹಾಕಿದ. ಎಲ್ಲರ ಐಡಿಗಳನ್ನೂ ಸಿಸಿ ಸಾಲಿನಲ್ಲಿ ತುಂಬಿ. ಬಿಸಿಸಿ ಅಲ್ಲ, ಸಿಸಿ. ಬಿಸಿಸಿಯಲ್ಲಿ ಒಬ್ಬರ ಐಡಿ ಇನ್ನೊಬ್ಬರಿಗೆ ಕಾಣಲ್ಲ, ಸಿಸಿಯಲ್ಲಿ ಎಲ್ಲರಿಗೂ ಕಾಣ್ತದೆ. ಎಪ್ಪತ್ತು ಎಪ್ಪತ್ತು ಜನರ ಗುಂಪು ಮಾಡಿ. ಈಗ ಒಬ್ಬರ ಮೇಲ್ ಐಡಿ ಇನ್ನೊಬ್ಬರಿಗೂ ಸಿಕ್ತು. ನನ್ನ ಗ್ರಾಹಕರು ಯಾರ್ಯಾರು ಅಂತ ಊರಿಗೇ ಗೊತ್ತಾಯ್ತು. ಮೊದಲ ಮೇಲ್ ನೋಡದೇ ಇದ್ದವರು ಕೂಡ ಹುಡುಕಿ ಹುಡುಕಿ ತೆಗೆದು ಓದಿದರು. ಓದಬೇಡಿ ಅಂದರೆ ಯಾರು ಬಿಡ್ತಾರೆ? ಅದರ ಮೇಲೆ ರಿಪ್ಲೈ ಆಲ್ ಶುರು. "ನನ್ನ ಲೆಕ್ಕ ಯಾರಿಗೆ ಹೋಗಿದೆ? ದಯವಿಟ್ಟು ತಿಳಿಸಿ" ಅಂತ ಒಬ್ಬರು ಬರೆದರೆ ಎಪ್ಪತ್ತು ಜನರಿಗೂ ಹೋಗ್ತದೆ.

ನಾನೇ ಕೂತು ಎಲ್ಲರಿಗೂ ಕ್ಷಮೆ ಕೇಳಿ ಮೇಲ್ ಬರೆಯೋಣ ಅಂತ ಹೋದರೆ ಮೇಲ್ ಹೋಗಲೇ ಇಲ್ಲ. ಸಾಮಾನ್ಯ ಜಿಮೇಲ್‌ಗೆ ದಿನಕ್ಕೆ 500 ಜನರ ಮಿತಿ. ಬೆಳಿಗ್ಗೆ 277 (ಒಂಬತ್ತು ಜನರಿಗೆ ಮೇಲ್ ಐಡಿ ಇರಲಿಲ್ಲ), ಆಮೇಲೆ ಎಪ್ಪತ್ತರಂತೆ ಮೂರು ಗುಂಪು, ಅಂದರೆ 487. ನಾಲ್ಕನೇ ಗುಂಪು ಹಾಕಲು ಹೋದಾಗ ಮಿತಿ ದಾಟಿತು, ಗೂಗಲ್ ನಿಲ್ಲಿಸಿಬಿಡ್ತು. 24 ಗಂಟೆವರೆಗೆ ಆಗಬಹುದು ಅಂತ ತೋರಿಸಿತು. 17ನೇ ತಾರೀಖು, 20 ಹತ್ತಿರ, ನನ್ನ ಆಫೀಸಿನ ಮೇಲ್ ಬಂದ್. ಬೇರೆ ಗ್ರಾಹಕರ ಚಲನ್ ಕೂಡ ಕಳಿಸಲಾಗದೆ ಪೆನ್‌ಡ್ರೈವ್ ಹಿಡಿದು ಹುಡುಗನನ್ನು ಓಡಿಸಿದೆ.

ಏನಾಯ್ತು ಅಂತ ಗೊತ್ತಾಗಿದ್ದು ರಾತ್ರಿ, ಅಕ್ಕನ ಮಗ ಬಂದು ಕೂತ ಮೇಲೆ. ಬಿಕಾಂ ಕೊನೇ ವರ್ಷದ ಹುಡುಗ. ಸೆಂಟ್ ಫೋಲ್ಡರ್ ಒಂದು ಕಡೆ, ನನ್ನ ಶೀಟ್ ಇನ್ನೊಂದು ಕಡೆ ಇಟ್ಟುಕೊಂಡು ಸಾಲು ಸಾಲಾಗಿ ಬೆರಳಿಟ್ಟು ನೋಡಿದ. ಮೊದಲ 37 ಸರಿ. 38ನೇ ಅಂಗಡಿಗೆ ಮೇಲ್ ಐಡಿ ಇಲ್ಲ, ಹಳೇ ಕಾಲದವರು, ಶೀಟ್‌ನಲ್ಲಿ ಆ ಮನೆ (ಸೆಲ್) ಖಾಲಿ. ಅಲ್ಲಿಂದ 38ರ ಲೆಕ್ಕ 39ಕ್ಕೆ, 39ರದು 40ಕ್ಕೆ ಹೋಗಿದೆ. 104ರಲ್ಲಿ ಇನ್ನೊಂದು ಖಾಲಿ. ಅಲ್ಲಿಂದಾಚೆ ಎರಡೆರಡು ಮನೆ ಸರಿದಿದೆ. ಹೀಗೆ ಒಂಬತ್ತು ಖಾಲಿ ಮನೆ ಇದ್ದವು. "ಮಾಮಾ, ಖಾಲಿ ಸೆಲ್ ಡಿಲೀಟ್ ಮಾಡ್ಯಾನ. ಎಕ್ಸೆಲ್ ಕೇಳ್ತದ, ಕೆಳಗಿನವು ಮ್ಯಾಲ ಸರೀಲೇನು, ಪೂರ್ತಿ ಸಾಲು ತೆಗೀಲೇನು ಅಂತ. ಇಂವ ಮ್ಯಾಲ ಸರಿಸ್ಯಾನ. ಐಡಿ ಕಾಲಂ ಒಂದೇ ಮ್ಯಾಲ ಹೋಗ್ಯಾದ, ಹೆಸರು, ಲೆಕ್ಕ ಎಲ್ಲಾ ಇದ್ದಲ್ಲೇ ಅದಾವ."

277 ಮೇಲ್‌ನಲ್ಲಿ 240 ತಪ್ಪು. ಸ್ಯಾಂಪಲ್ ಅಂತ ತೋರಿಸಿದ ಐದೂ ಆ 37ರ ಒಳಗಿನವು.

ಅದಕ್ಕಿಂತ ಹೊಟ್ಟೆ ಉರಿದಿದ್ದು ಆಮೇಲೆ. ಅಕ್ಕನ ಮಗ ನನ್ನ ಆಫೀಸಿನ ಕಂಪ್ಯೂಟರ್‌ನಲ್ಲೇ ಎಂಎಸ್ ವರ್ಡ್ ತೆಗೆದ. ಮೇಲಿಂಗ್ಸ್ ಅಂತ ಒಂದು ಟ್ಯಾಬ್ ಇದೆ, ನೀವೂ ನೋಡಿರ್ತೀರಿ, ಯಾರೂ ಒತ್ತಿರಲ್ಲ. ಅಲ್ಲಿ ಮೇಲ್ ಮರ್ಜ್, ಅಂದರೆ ಒಂದೇ ಪತ್ರಕ್ಕೆ ಶೀಟ್‌ನಿಂದ ಒಬ್ಬೊಬ್ಬರ ಹೆಸರು, ಲೆಕ್ಕ ತಾನೇ ತುಂಬಿಕೊಳ್ಳುವ ಸೌಲಭ್ಯ. ಶೀಟ್ ಜೋಡಿಸಿದ, ಹೆಸರಿನ ಜಾಗಕ್ಕೆ ಹೆಸರಿನ ಕಾಲಂ, ತೆರಿಗೆ ಜಾಗಕ್ಕೆ ತೆರಿಗೆ ಕಾಲಂ ಹಾಕಿದ. ಪ್ರಿವ್ಯೂ ಒತ್ತಿದ. ಬಾಣದ ಗುರುತು ಒತ್ತುತ್ತಾ ಹೋದರೆ ಒಬ್ಬೊಬ್ಬರದೇ ಪತ್ರ ಕಣ್ಣ ಮುಂದೆ ಬರ್ತದೆ. ಪತ್ರದ ಮೇಲ್ಗಡೆ ಮೇಲ್ ಐಡಿ ಕಾಲಂ ಕೂಡ ಹಾಕಿಕೊಂಡರೆ ಯಾರ ಪತ್ರ ಯಾವ ಐಡಿಗೆ ಅಂತಲೂ ಕಾಣ್ತದೆ. ಎಲ್ಲಾ ಸೇರಿ ಇಪ್ಪತ್ತು ನಿಮಿಷ. ಔಟ್‌ಲುಕ್ ಜೋಡಿಸಿದರೆ ಅಲ್ಲಿಂದಲೇ ಕಳಿಸಬಹುದು. ಅವನು ಕಳಿಸಿದ ಪತ್ರದ ಅದೇ ಅಕ್ಷರ, ಅದೇ ರೂಪ.

"ನಮ್ಮದೇ ಸಾಫ್ಟ್‌ವೇರ್" ಅಂದಿದ್ದು ಇದು. ನನ್ನ ಕಂಪ್ಯೂಟರ್‌ನಲ್ಲೇ ಇದ್ದದ್ದು. ಅದಕ್ಕೆ 4,500. ಆ ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಾ ನನಗೆ ಮಾತೇ ಹೊರಡಲಿಲ್ಲ. ಬಾಣದ ಗುರುತನ್ನು 38 ಸಲ ಒತ್ತಿದ್ದರೆ ಅವನಿಗೆ ತಪ್ಪು ಕಾಣ್ತಿತ್ತು. 38 ಸಲ! ಒಂದೊಂದೂ ನೋಡೀನಿ ಅಂದಿದ್ದನಲ್ಲ?

ಮರುದಿನ ಇದನ್ನೆಲ್ಲಾ ಬರೆದು ಅವನಿಗೆ ವಾಟ್ಸಾಪ್‌ನಲ್ಲಿ ಹಾಕಿದೆ. ಬಂದ ಉತ್ತರ ಹಾಗೇ ಕೊಡ್ತೀನಿ.

"ನಿಮ್ಮ ಶೀಟ್‌ನಾಗೇ ಖಾಲಿ ಇತ್ತಲ್ಲ ಸರ್. ಶೀಟ್ ಕ್ಲೀನ್ ಕೊಡೋದು ಪಾರ್ಟಿ ಜವಾಬ್ದಾರಿ."

"ಸ್ಯಾಂಪಲ್ ನೋಡಿ ಓಕೆ ಅಂದೀರಿ."

"ಇಷ್ಟು ಮಂದಿಗೆ ಮಾಡೀನಿ, ಯಾರೂ ಹಿಂಗ ಮಾತಾಡಿಲ್ಲ."

ನಾಲ್ಕನೆಯದು ಓದಿ ಫೋನ್ ಎಸೆಯಬೇಕು ಅನ್ನಿಸ್ತು: "ಡೆಲಿವರಿ 100% ಆಗ್ಯಾದ ಸರ್, ಒಂದೂ ಬೌನ್ಸ್ ಇಲ್ಲ. ಬ್ಯಾಲೆನ್ಸ್ 2,000 ಇವತ್ತು ಹಾಕ್ರಿ."

ಬ್ಯಾಲೆನ್ಸ್! ಕೊಡಲಿಲ್ಲ, ಕೊಡಲ್ಲ. ಅಡ್ವಾನ್ಸ್ ವಾಪಸ್ ಕೇಳಿದೆ, "ಕೆಲಸ ಆಗ್ಯಾದಲ್ಲ ಸರ್" ಅಂತ ಬಂತು. ನನ್ನ ಶೀಟ್ ಡಿಲೀಟ್ ಮಾಡು ಅಂದೆ. "ಮಾಡೀನಿ" ಅಂದ. ಮಾಡಿದ್ದಕ್ಕೆ ಏನು ಗುರುತು? 286 ಜನರ ಪ್ಯಾನ್ ನಂಬರ್, ಫೋನ್ ನಂಬರ್ ಅವನ ಲ್ಯಾಪ್‌ಟಾಪ್‌ನಲ್ಲಿ ಇದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ರಾತ್ರಿ ನಿದ್ದೆ ಬರದಿರುವುದು ಇದಕ್ಕೇ. ಜಿಮೇಲ್ ಪಾಸ್‌ವರ್ಡ್ ಬದಲಿಸಿದೆ, ಸೆಟ್ಟಿಂಗ್‌ನಲ್ಲಿ ಅವನ ಲ್ಯಾಪ್‌ಟಾಪ್ ಇನ್ನೂ ಲಾಗಿನ್ ಇತ್ತು, ತೆಗೆದು ಹಾಕಿದೆ. ಎರಡು ದಿನ ಅವನಿಗೆ ನನ್ನ ಎಲ್ಲಾ ಮೇಲ್ ಕಾಣ್ತಿತ್ತು ಅಂತ ಆಗ ಹೊಳೀತು.

ನನ್ನ ಪರಿಚಯದ ವಕೀಲರನ್ನು ಕೇಳಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಕೆಲಸವನ್ನು ಬೇರೆಯವರ ಕೈಯಲ್ಲಿ ಮಾಡಿಸಿದರೂ ಜನರಿಂದ ಮಾಹಿತಿ ತೆಗೆದುಕೊಂಡವರದೇ ಜವಾಬ್ದಾರಿ ಅಂತ ಇದೆಯಂತೆ. ಅಂದರೆ ನಾನು. ಅವನು ತಪ್ಪಿಸಿಕೊಂಡ, ಉತ್ತರ ಕೊಡಬೇಕಾದವನು ನಾನು.

ನೀವು ಟ್ಯೂಷನ್ ನಡೆಸ್ತಿರಬಹುದು, ಚೀಟಿ ನಡೆಸ್ತಿರಬಹುದು, ನನ್ನ ಹಾಗೆ ಲೆಕ್ಕ ಬರೀತಿರಬಹುದು. ನಿಮ್ಮ ಜನರ ಪಟ್ಟಿಯನ್ನು ಯಾರಿಗೂ ಕೊಡಬೇಡಿ. ಕೊಡಲೇಬೇಕು ಅಂದರೆ ಹೆಸರು, ಐಡಿ, ಪತ್ರಕ್ಕೆ ಬೇಕಾದ ಒಂದು ಅಂಕಿ ಮಾತ್ರ ಬೇರೆ ಶೀಟ್‌ಗೆ ತೆಗೆದು ಕೊಡಿ. ಪ್ಯಾನ್, ಫೋನ್ ಯಾಕೆ ಬೇಕು ಅವನಿಗೆ? ಐಡಿ ಇಲ್ಲದವರ ಪೂರ್ತಿ ಸಾಲನ್ನೇ ತೆಗೀರಿ, ಒಂದು ಮನೆ ಮಾತ್ರ ಅಲ್ಲ. ಪಾಸ್‌ವರ್ಡ್, ಓಟಿಪಿ ಬೇಡವೇ ಬೇಡ, ನಿಮ್ಮ ಕಂಪ್ಯೂಟರ್‌ನಲ್ಲೇ ಕೂತು ಮಾಡಲಿ. ಸ್ಯಾಂಪಲ್ ಅಂತ ಮೊದಲ ಐದನ್ನು ನೋಡಿ ಹೂಂ ಅನ್ನಬೇಡಿ. ನಡುವಿನದು, ಕೊನೆಯದು ತೆಗೆಸಿ ನೋಡಿ. ಕೊನೆಯದು ಸರಿ ಇದ್ದರೆ ಸಾಲು ಸರಿದಿಲ್ಲ ಅಂತ ಬಹುಮಟ್ಟಿಗೆ ಗೊತ್ತಾಗ್ತದೆ. ನಾನು ಕೊನೆಯ ಒಂದೇ ಒಂದು ಪತ್ರ ತೋರಿಸು ಅಂದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಹನ್ನೊಂದು ಜನ ಲೆಕ್ಕದ ಫೈಲ್ ವಾಪಸ್ ತಗೊಂಡು ಹೋದರು. ಉಳಿದವರ ಅಂಗಡಿಗೆ ದಿನಾ ಸಂಜೆ ನಾನೇ ಹೋಗಿ, ನಿಮ್ಮ ಲೆಕ್ಕ ಇಂಥವರಿಗೆ ಹೋಗಿದೆ, ತಪ್ಪಾಯ್ತು ಅಂತ ಹೇಳಿ ಬರ್ತಿದ್ದೇನೆ. ಫೋನ್‌ನಲ್ಲಿ ಹೇಳುವ ಮಾತಲ್ಲ ಇದು. ಆ ಹಿರಿಯರ ಅಂಗಡಿಗೆ ಮೊದಲನೇ ದಿನವೇ ಹೋಗಿದ್ದೆ. ಗಾದಿ ಮೇಲೆ ಕೂತಿದ್ದರು. ಕೂತ್ಕೋ ಅನ್ನಲಿಲ್ಲ. ಪೂರ್ತಿ ಕೇಳಿ, "ಈ ತಿಂಗಳ 3ಬಿ ತುಂಬೀಯೇನು?" ಅಂತಷ್ಟೇ ಕೇಳಿದರು. ತುಂಬೀನಿ ಅಂದೆ. ಗಂಜ್‌ನಲ್ಲಿ ಇನ್ನೂ ಅರವತ್ತು ಅಂಗಡಿ ಬಾಕಿ ಇವೆ.