ಕುರಿ ಮಂದೆಯೋ, ಕೊಟ್ಟಿಗೆ ಗೊಬ್ಬರವೋ?

ಅರಸೀಕೆರೆ, ಕಡೂರು ಕಡೆಯ ಖುಷ್ಕಿ (ಮಳೆಯಾಶ್ರಿತ) ರಾಗಿಗೆ ಎಕರೆಗೆ ಸುಮಾರು 3 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಕೊಂಡರೆ ಸಾಗಣೆ, ಹರಡುವ ಕೂಲಿ ನಿಮ್ಮದೇ. ಅರೆಬರೆ ಕೊಳೆತಿದ್ದರೆ ಗೆದ್ದಲು, ಕಳೆ ಬೀಜ ಬೇರೆ.

ಮಂದೆ ಹಾಕಿಸಿದರೆ, ಅಂದರೆ ಕುರಿಗಾಹಿಯ ಕುರಿಗಳನ್ನು ರಾತ್ರಿ ಹೊಲದಲ್ಲೇ ತಂಗಿಸಿದರೆ, ಹಿಕ್ಕೆಯ ಜೊತೆ ಗಂಜಲವೂ ನೇರ ಮಣ್ಣಿಗೆ. ಪೊಟ್ಯಾಷಿನ ಬಹುಪಾಲು ಇರುವುದು ಗಂಜಲದಲ್ಲೇ. ರಾತ್ರಿಗೊಂದು ಜಾಗ ಬದಲಿಸಿ, ಇಲ್ಲದಿದ್ದರೆ ಒಂದೇ ಕಡೆ ಪೈರು ಸೊಕ್ಕಿ ಮಲಗುತ್ತದೆ. ಮಂದೆ ಎದ್ದ ಒಂದೆರಡು ದಿನದಲ್ಲೇ ಉತ್ತುಬಿಡಿ. ತಡವಾದರೆ ಸಾರಜನಕ ಅಮೋನಿಯಾ ಆಗಿ ಗಾಳಿಪಾಲು. ಜಾಲಿಕಾಯಿ ತಿಂದ ಕುರಿಯ ಹಿಕ್ಕೆಯಿಂದ ಸಸಿ ಎದ್ದರೆ ಎಳೆಯದರಲ್ಲೇ ಕೀಳಿ.

ಜಗಳ ಹುಟ್ಟುವುದು ಪಕ್ಕದ ಹೊಲದಲ್ಲಿ ತೊಗರಿ, ಅವರೆ ಇನ್ನೂ ನಿಂತಿರುವಾಗ. ಎಷ್ಟು ಕುರಿ, ಎಷ್ಟು ರಾತ್ರಿ, ಕುರಿಗಾಹಿಗೆ ಕೊಡುವುದು ಕಾಳೋ ದುಡ್ಡೋ, ನೀರೆಲ್ಲಿ ಎಂಬುದನ್ನು ಪಕ್ಕದವರ ಎದುರೇ ಮಾತಾಡಿಕೊಳ್ಳಿ. ಮಳೆ ಕೈಕೊಟ್ಟ ವರ್ಷ ಕುರಿಗಾಹಿಗೂ ಆ ಕಾಳೇ ಆಸರೆ. ಸುತ್ತಲಿನ ಹೊಲ ಖಾಲಿಯಿದ್ದರೆ ನಮ್ಮ ಆಯ್ಕೆ ಮಂದೆಯೇ.